ಹಾಸಿಗೆ ಮರದ ಕೊನೆಯ ಊರು

ಸಹೋದರಿಯರೇ, ಚಾರ್ಮಾಡಿ ಘಾಟಿಯಲ್ಲಿ ನೀವು ಎಷ್ಟು ಸಲ ಹೋಗಿಲ್ಲ! ಚಿಕ್ಕಮಗಳೂರಿನ ಮದುವೆಗೆ, ಬಾಬಾಬುಡನ್‌ಗಿರಿಗೆ, ಮಕ್ಕಳ ರಜೆಗೆ. ಆದರೆ ಆ ತಿರುವುಗಳಲ್ಲಿ ನಾವು ಕಾಡನ್ನು ನೋಡುವುದುಂಟೇ? ವಾಂತಿ ಮಾಡುವ ಮಗುವಿಗೆ ಚೀಲ ಹಿಡಿದು, ಮೂಗಿನ ಬಳಿ ಲಿಂಬೆಹಣ್ಣು ಇಟ್ಟುಕೊಂಡು, ಘಾಟಿ ಯಾವಾಗ ಮುಗಿಯುತ್ತದೋ ಎಂದು ಕುಳಿತಿರುತ್ತೇವೆ. ನಾನೂ ಹಾಗೆಯೇ ಇದ್ದವಳು.

ಫೆಬ್ರವರಿಯ ಒಂದು ಭಾನುವಾರ ಸುಬಹಿ ನಮಾಝ್ ಮುಗಿಸಿ ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಹೊರಟೆವು. ಬಂಟ್ವಾಳದ ನಾದಿನಿಯ ಮನೆಯವರು ಪುಂಜಾಲಕಟ್ಟೆ ಕಡೆಯಿಂದ ಬಂದು ಗುರುವಾಯನಕೆರೆಯಲ್ಲಿ ನಮ್ಮ ಜೊತೆಯಾದರು. ಬೆಳ್ತಂಗಡಿ ದಾಟುವಾಗ ಎಡಗಡೆ ಗಡಾಯಿಕಲ್ಲು. ಅದರ ಮೇಲಿನ ಜಮಾಲಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನರು 1794ರಲ್ಲಿ ಕಟ್ಟಿಸಿದರು. ತಾಯಿಯ ಹೆಸರನ್ನೇ ಅದಕ್ಕೆ ಇಟ್ಟರೆಂದು ಹೇಳುತ್ತಾರೆ. ಈ ಇಸವಿ ನೆನಪಿರಲಿ, ಮತ್ತೆ ಬರುತ್ತದೆ.

ಸಸ್ಯಶಾಸ್ತ್ರ ಓದುತ್ತಿರುವ ಮಗಳು ಘಾಟಿಯ ಒಂದು ಕಡೆ, ರಸ್ತೆ ಅಗಲವಿದ್ದಲ್ಲಿ, ಕಾರು ನಿಲ್ಲಿಸಲು ಹೇಳಿದಳು. "ಉಮ್ಮಾ, ಅದೇ ನೋಡಿ" ಎಂದು ತೋರಿಸಿದಳು. ದೊಡ್ಡ ಮರಗಳ ನೆರಳಿನಲ್ಲಿ ಆಳೆತ್ತರದ ಪೊದೆಗಳ ಗುಂಪು. ಬಿಳಿ ಮತ್ತು ನಸುಗೆಂಪು ಬಣ್ಣದ ಹೂಗೊಂಚಲು. ಎಳೆ ಚಿಗುರು ಬಾಡಿದ ಬಟ್ಟೆಯಂತೆ ಜೋತು ಬಿದ್ದಿತ್ತು. ನೋಡಿದ ಕೂಡಲೇ ಗುರುತು ಹತ್ತಿತು. ಮದುವೆಯಾದ ಹೊಸತರಲ್ಲಿ ಇದೇ ಘಾಟಿಯಲ್ಲಿ ಇದೇ ಹೂವಿನ ಕೊಂಬೆಯೊಂದನ್ನು ಮುರಿದು ಮಡಿಲಲ್ಲಿಟ್ಟುಕೊಂಡವಳು ನಾನು. ಸೆರಗಿನ ತುಂಬಾ ಇರುವೆ. ಮನೆ ಮುಟ್ಟುವಾಗ ಹೂವೂ ಇಲ್ಲ, ಎಲೆಯೂ ಇಲ್ಲ.

ಕನ್ನಡದಲ್ಲಿ ಇದಕ್ಕೆ ಹಾಸಿಗೆ ಮರ ಎನ್ನುತ್ತಾರೆ. ಶಾಸ್ತ್ರದ ಹೆಸರು ಹಂಬೋಲ್ಟಿಯಾ ಬ್ರೂನೋನಿಸ್. ಜರ್ಮನಿಯ ಪರಿಸರ ವಿಜ್ಞಾನಿ ಹಂಬೋಲ್ಟ್ ಅವರ ಹೆಸರನ್ನು ಈ ಕುಲಕ್ಕೆ ಇಟ್ಟದ್ದೂ 1794ರಲ್ಲೇ, ಅಲ್ಲಿ ಕೋಟೆ ಕಟ್ಟಿದ ವರ್ಷ. ಆ ಮನುಷ್ಯ ಜೀವಮಾನದಲ್ಲಿ ಭಾರತಕ್ಕೆ ಕಾಲಿಟ್ಟವರೇ ಅಲ್ಲ!

ಹಾಸಿಗೆ ಯಾರಿಗೆ ಎಂದು ಕೇಳಿದರೆ ನಾನು ಇರುವೆಗೆ ಎನ್ನುತ್ತೇನೆ. ಕೆಲವು ಗಿಡಗಳಲ್ಲಿ ಕೊಂಬೆಯ ಗಿಣ್ಣುಗಳ ನಡುವಿನ ಭಾಗ ಉಬ್ಬಿ ಒಳಗೆ ಟೊಳ್ಳಾಗುತ್ತದೆ. ಅದಕ್ಕೊಂದು ಸೀಳು ತಾನಾಗಿಯೇ ತೆರೆದುಕೊಳ್ಳುತ್ತದೆ, ಬಾಗಿಲಿನ ಹಾಗೆ. ಎಳೆ ಎಲೆ ಮತ್ತು ಮೊಗ್ಗುಗಳ ಬಳಿ ಸಿಹಿರಸವೂ ಸಿದ್ಧ. ಮನೆ, ಊಟ ಎರಡೂ ಗಿಡದ್ದೇ. ಬದಲಿಗೆ ಇರುವೆ ಎಲೆ ತಿನ್ನುವ ಹುಳುಗಳನ್ನು ಓಡಿಸಬೇಕು. ಕೊಡಗಿನ ಮಾಕುಟ್ಟ ಕಾಡಿನಲ್ಲಿ ಇದನ್ನು ಅಧ್ಯಯನ ಮಾಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಜೊತೆಗಾರರು 2005ರಲ್ಲಿ ಬರೆದರು. ಬಾಡಿಗೆದಾರರೆಲ್ಲ ಒಳ್ಳೆಯವರಲ್ಲ ಎಂಬುದೂ ಅದರಲ್ಲಿ ತಿಳಿದುಬಂತು. ಒಂದು ಜಾತಿಯ ಇರುವೆ ಗಿಡವನ್ನು ಕಾಯುತ್ತದೆ. ಇನ್ನೊಂದು ಅಲ್ಲೇ ವಾಸ ಮಾಡಿ ಗಿಡದ ಮೊಗ್ಗನ್ನೇ ಹಾಳುಮಾಡುತ್ತದೆ. ಮನೆ ಬಾಡಿಗೆಗೆ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲ ಬಿಟ್ಟು ಈ ಕೊಂಬೆಯೊಳಗೆ ಸಂಸಾರ ಹೂಡುವ ಎರೆಹುಳವೂ ಇದೆ!

ಪ್ರವಾದಿ ಸುಲೈಮಾನರ ಸೈನ್ಯ ಬರುವಾಗ "ನಿಮ್ಮ ಮನೆಗಳೊಳಗೆ ಹೋಗಿ" ಎಂದು ಇರುವೆಯೊಂದು ಬಳಗವನ್ನು ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ಆ ಮನೆ ಇಷ್ಟು ಸಣ್ಣ ಕೊಂಬೆಯಲ್ಲೂ ಇರಬಹುದೆಂದು ನಾನು ಯೋಚಿಸಿರಲಿಲ್ಲ.

ಇನ್ನು ಮುಖ್ಯ ವಿಷಯ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲಿಯೂ ಈ ಮರ ಕಾಡಿನಲ್ಲಿ ಬೆಳೆಯುವುದಿಲ್ಲ. ಕೇರಳದಿಂದ ಕೊಡಗು, ಸುಬ್ರಹ್ಮಣ್ಯ ದಾಟಿ ಬಂದು ನಮ್ಮ ಈ ಬೆಟ್ಟಗಳ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಉತ್ತರದಲ್ಲಿ ಮಳೆ ಕಡಿಮೆಯೇ ಎಂದು ನಾದಿನಿ ಕೇಳಿದರು. ಇಲ್ಲ, ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಸುರಿಯುತ್ತದೆ. ಲೆಕ್ಕಕ್ಕೆ ಬರುವುದು ಮಳೆಯಿಲ್ಲದ ತಿಂಗಳುಗಳು. ತೆಂಕಣ ಕೇರಳದಲ್ಲಿ ಅವು ಎರಡು ಮೂರು. ನಮ್ಮಲ್ಲಿ ಐದಾರು. ಗೋವಾ, ಮಹಾರಾಷ್ಟ್ರದ ಕಡೆಗೆ ಏಳೆಂಟು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಪಾಸ್ಕಲ್ 1980ರ ದಶಕದಲ್ಲಿ ಘಟ್ಟದ ಕಾಡುಗಳ ನಕ್ಷೆ ಮಾಡುವಾಗ ಈ ಲೆಕ್ಕವನ್ನೇ ಮುಂದಿಟ್ಟರು. ನಮ್ಮ ಬಾವಿಗೂ ಅದೇ ಲೆಕ್ಕವಲ್ಲವೇ? ಜುಲೈಯಲ್ಲಿ ಕಟ್ಟೆಯ ಮಟ್ಟ, ಏಪ್ರಿಲ್‌ನಲ್ಲಿ ತಳದ ಕೆಸರು.

ಆ ಬೇಸಗೆಯನ್ನು ಹಾಸಿಗೆ ಮರ ದಾಟುವುದು ಮೇಲಿನ ದೊಡ್ಡ ಮರಗಳ ನೆರಳಿನಿಂದ, ನೆಲದ ತೇವದಿಂದ. ನೆರಳು ಹೋದರೆ ಅದೂ ಹೋಯಿತು. ಬೀಜಕ್ಕೆ ರೆಕ್ಕೆಯಿಲ್ಲ, ತಾಯಿಯ ಬುಡದ ಸುತ್ತಮುತ್ತಲೇ ಬೀಳುತ್ತದೆ. ಬೇರೆ ಊರು ನೋಡಿಕೊಂಡು ಹೋಗುವ ಹಾಗಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು, 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿನ ಗಣಿ ನಿಂತಿತು. ಹಾಗಾಗಿ ಇಷ್ಟಾದರೂ ಉಳಿದಿದೆ. ಆದರೆ 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ, ಬೇಗ ಸರಿಮಾಡಿ, ಅಗಲ ಮಾಡಿ ಎಂದು ಕೇಳಿದವರಲ್ಲಿ ನಾನೂ ಇದ್ದೆ. ಘಟ್ಟದ ಮೇಲೆ ತವರಿರುವವರು ಬೇರೇನು ಕೇಳಿಯಾರು? ಅಗಲವಾದಷ್ಟೂ ಬಿಸಿಲು ಕಾಡಿನೊಳಗೆ ಬರುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಈ ಕಾಡಿನಿಂದಿಳಿಯುವ ಮೃತ್ಯುಂಜಯ ಹೊಳೆ ನೇತ್ರಾವತಿಯನ್ನು ಸೇರಿ ನಾದಿನಿಯ ಬಂಟ್ವಾಳಕ್ಕೇ ಬರುತ್ತದೆ. ಅಲ್ಲಿಂದ ಕೆಳಗೆ ತುಂಬೆ ಅಣೆಕಟ್ಟು. 2019ರ ಮೇಯಲ್ಲಿ ಮಂಗಳೂರಿನ ನಲ್ಲಿಗಳು ಸರದಿಯಲ್ಲಿ ಬಂದದ್ದು ಮರೆತಿಲ್ಲ ತಾನೇ?

ನೀವು ನೋಡುವುದಾದರೆ ಡಿಸೆಂಬರಿನಿಂದ ಮಾರ್ಚಿನೊಳಗೆ, ಬೆಳಿಗ್ಗೆ ಬೇಗ ಹೋಗಿ. ರಸ್ತೆ ಬದಿಯಿಂದಲೇ ಕಾಣುತ್ತದೆ. ಉದ್ಯಾನದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಹೊರಡುವಾಗ ನಾದಿನಿ ಮೆಲ್ಲಗೆ, ಒಂದು ಸಣ್ಣ ಸಸಿ ಕಿತ್ತುಕೊಂಡರೆ ನಮ್ಮ ಅಂಗಳದಲ್ಲಿ ಬದುಕಬಹುದೇ ಎಂದು ಕೇಳಿದರು. ಮಗಳು ನಕ್ಕಳು.

"ಮಾಮೀ, ನಿಮ್ಮ ಅಂಗಳದಲ್ಲಿ ನೆರಳೇ ಇಲ್ಲ. ಅಲ್ಲದೆ ಇರುವೆ ಕಂಡರೆ ನೀವು ಲಕ್ಷ್ಮಣರೇಖೆ ಎಳೆಯುವವರು!"

ನಾದಿನಿ ಕೈ ಹಿಂದಕ್ಕೆ ತೆಗೆದರು. ನಾನು ನನ್ನ ಹಳೆಯ ಕೊಂಬೆಯ ಸುದ್ದಿ ಎತ್ತದೆ ಬುತ್ತಿ ಬಿಚ್ಚಿದೆ.