ಹಿಟ್ಟಿನ ಕೋಳಿಯೂ ಬೆಳ್ಳಿತೆರೆಯ ನೆತ್ತರೂ

ದ್ರವ್ಯಹಿಂಸೆಗೆ ಮುನ್ನವೇ ಭಾವಹಿಂಸೆ ನಡೆದಿರುತ್ತದೆ ಎಂಬುದು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಕೃತ, ಕಾರಿತ, ಅನುಮೋದನೆಗಳು ಮೂರೂ ಕರ್ಮಬಂಧಕ್ಕೆ ಕಾರಣವೆಂದು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮೊದಲಿನ ಎರಡನ್ನು ಗುರುತಿಸುವುದು ಸುಲಭ. ಮೂರನೆಯದು ದಿನನಿತ್ಯದ ಬಾಳಿನಲ್ಲಿ ಎಲ್ಲಿ ಅಡಗಿದೆಯೆಂದು ಹುಡುಕಹೊರಟರೆ, ಒಮ್ಮೊಮ್ಮೆ ಅದು ಮನೆಯ ನಡುಮನೆಯಲ್ಲಿ, ಟಿ.ವಿ.ಯ ಮುಂದೆ ಹಾಸಿದ ಚಾಪೆಯ ಮೇಲೆಯೇ ಸಿಕ್ಕಿಬಿಡುತ್ತದೆ. ಊರ್ಡಿಗೆರೆಯ ಒಂದು ಮನೆಯಲ್ಲಿ ಆದದ್ದು ಹೀಗೆಯೇ.

ಆ ಮನೆಯ ಯಜಮಾನರು ಹುಣಸೆಹಣ್ಣು, ಅಡಕೆ, ರಾಗಿಯ ವ್ಯಾಪಾರದಲ್ಲಿ ಐವತ್ತು ವರ್ಷ ಕಳೆದ ಹಿರಿಯರು. ದಿನವೂ ಜಿನದರ್ಶನ, ಸೂರ್ಯಾಸ್ತಕ್ಕೆ ಮೊದಲು ಊಟ, ರಾತ್ರಿ ಸ್ವಲ್ಪ ಹೊತ್ತು ಸ್ವಾಧ್ಯಾಯ. ಮೊಮ್ಮಗ ತುಮಕೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದನು. ಒಂದು ಶನಿವಾರ ರಾತ್ರಿ ಅವನೂ ಅವನ ಇಬ್ಬರು ಗೆಳೆಯರೂ ‘ಓಂ’ ಚಿತ್ರವನ್ನು ನೋಡುತ್ತಿದ್ದರು. 1995ರಲ್ಲಿ ಉಪೇಂದ್ರರು ನಿರ್ದೇಶಿಸಿದ, ಶಿವರಾಜ್‌ಕುಮಾರ್ ನಾಯಕರಾಗಿದ್ದ ಆ ಚಿತ್ರ ಬೆಂಗಳೂರಿನ ಭೂಗತಲೋಕವನ್ನು ಕನ್ನಡದ ತೆರೆಗೆ ಹೊಸ ರೀತಿಯಲ್ಲಿ ತಂದಿತು. ಆ ಲೋಕದಲ್ಲಿದ್ದ ಕೆಲವರು ಅದರಲ್ಲಿ ಸ್ವತಃ ನಟಿಸಿದ್ದರು. ಚಿತ್ರಮಂದಿರಗಳಿಗೆ ಮರಳಿ ಮರಳಿ ಬಂದು, ಪ್ರತಿಸಲವೂ ಜನ ಸೇರಿಸಿದ ಚಿತ್ರವದು. ನಾಯಕನ ಕೈಗೆ ಮಚ್ಚು ಬಂದೊಡನೆ ಹುಡುಗರು ಶಿಳ್ಳೆ ಹಾಕಿದರು. ಒಳಕೋಣೆಯಲ್ಲಿ ಓದುತ್ತಿದ್ದ ಹಿರಿಯರು ಪುಸ್ತಕ ಮುಚ್ಚಿ ಹೊರಗೆ ಬಂದರು.

“ಯಾರಿಗಪ್ಪಾ ಈ ಶಿಳ್ಳೆ?” ಎಂದು ಕೇಳಿದರು.

“ಬಿಡಿ ತಾತ, ಅದೆಲ್ಲ ಬಣ್ಣದ ನೀರು. ಅಲ್ಲಿ ಯಾರೂ ಸತ್ತಿಲ್ಲ,” ಎಂದು ಮೊಮ್ಮಗ ನಕ್ಕನು.

“ಯಶೋಧರ ಕಡಿದದ್ದೂ ಹಿಟ್ಟಿನ ಕೋಳಿಯನ್ನೇ. ಅಲ್ಲಿಯೂ ಯಾರೂ ಸತ್ತಿರಲಿಲ್ಲ.”

ಹುಡುಗರು ಟಿ.ವಿ.ಯ ಸದ್ದು ತಗ್ಗಿಸಿದರು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಆ ಮನೆಯವರೆಲ್ಲರಿಗೂ ಗೊತ್ತಿದ್ದುದೇ. ದುಃಸ್ವಪ್ನದ ಶಾಂತಿಗಾಗಿ ಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಬಲಿಗೆ ಒಪ್ಪದ ಮಗ, ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದದ್ದು ಹಿಟ್ಟೇ ಆದರೂ ಸಂಕಲ್ಪ ಕೊಲೆಯದಾಗಿತ್ತು. ಅಷ್ಟಕ್ಕೇ ತಾಯಿ-ಮಗ ನವಿಲಾಗಿ, ನಾಯಾಗಿ, ಇನ್ನೂ ಹಲವು ಜನ್ಮಗಳಲ್ಲಿ ತೊಳಲಿ, ಕೊನೆಗೆ ಕೋಳಿಗಳಾಗಿಯೇ ಹುಟ್ಟಬೇಕಾಯಿತು.

ಮೊಮ್ಮಗ ಸುಮ್ಮನಾಗುವ ಸ್ವಭಾವದವನಲ್ಲ. ಮರುದಿನ ಬೆಳಿಗ್ಗೆ ತಾತನ ಮುಂದೆ ಬಂದು ಕುಳಿತು ಹೇಳಿದನು: “ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಚೋರವಿದ್ಯೆಯಲ್ಲಿ ಪಾರಂಗತನಾದವನು ಕೊನೆಗೆ ದೀಕ್ಷೆ ವಹಿಸಿ ಉಪಸರ್ಗ ಗೆದ್ದ ಕಥೆ. ಅದನ್ನು ನೀವೇ ನನಗೆ ಹೇಳಿಕೊಟ್ಟಿರಿ. ಕಳ್ಳನ ಕಥೆ ಓದಬಹುದಾದರೆ ನೋಡಬಾರದೇಕೆ? ನೋಡದೆಯೇ ತೀರ್ಪು ಕೊಡುವುದು ಅನೇಕಾಂತವೇ?”

ಈ ಆಕ್ಷೇಪಣೆಯಲ್ಲಿ ನ್ಯಾಯವಿದೆಯೆಂದು ಹಿರಿಯರಿಗೆ ತೋರಿತು. ಕಳ್ಳನನ್ನು ಕಂಡು ಸಂತೋಷಪಡುವುದು ಈ ಸೀಮೆಗೆ ಹೊಸದೂ ಆಗಿರಲಿಲ್ಲ. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರಕ್ಕೆ ಹಿಂದಿನ ತಲೆಮಾರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು. ಅವರ ತಂದೆಯೂ ಹಾಗೆ ನಕ್ಕವರೇ. ಆದ್ದರಿಂದ ತಾತ-ಮೊಮ್ಮಗ ಒಂದು ಒಪ್ಪಂದಕ್ಕೆ ಬಂದರು. ಶನಿವಾರಕ್ಕೊಂದು ಚಿತ್ರ, ಆರಿಸುವುದು ಮೊಮ್ಮಗ, ಅರ್ಥ ಹೇಳುವುದೂ ಅವನೇ. ನೋಡಿ ಮುಗಿದ ಮೇಲೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರಿಸಬೇಕು: ಈ ಚಿತ್ರ ನಮ್ಮಿಂದ ಅನುಮೋದನೆ ಕೇಳಿತೇ, ಇಲ್ಲವೇ ನಮ್ಮಲ್ಲಿದ್ದ ಅನುಮೋದನೆಯನ್ನು ಕಿತ್ತುಕೊಂಡಿತೇ?

ಮೊದಲು ನೋಡಿದ್ದು 2005ರ ‘ಜೋಗಿ’. ಹಳ್ಳಿಯ ಮಾದೇಶ ಬೆಂಗಳೂರಿಗೆ ಹೋಗಿ ಮಚ್ಚು ಹಿಡಿಯುತ್ತಾನೆ. ಅವನನ್ನು ಹುಡುಕಿಕೊಂಡು ತಾಯಿ ಬೀದಿ ಬೀದಿ ಅಲೆಯುತ್ತಾಳೆ. ಕೊನೆಯಲ್ಲಿ ಯಾರದೋ ಶವಯಾತ್ರೆಯೆಂದು ತಿಳಿದು ಮಗ ಕುಣಿಯುತ್ತಾನೆ. ಹೊರಟಿರುವುದು ಅವನ ತಾಯಿಯ ಶವ. ಊರ್ಡಿಗೆರೆಯ ಸುತ್ತಲಿನ ಎಷ್ಟೋ ಮನೆಗಳ ಹುಡುಗರು ಬೆಂಗಳೂರಿನಲ್ಲಿದ್ದಾರೆ. ನಡುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆ ಸೆರಗಿನಿಂದ ಕಣ್ಣೊರಸಿಕೊಂಡರು. ಅದುವರೆಗೆ ಹಾಕಿದ ಶಿಳ್ಳೆಗಳಿಗೆಲ್ಲ ಆ ಒಂದು ದೃಶ್ಯ ಉತ್ತರ ಕೇಳುತ್ತದೆಂದು ಹಿರಿಯರು ಒಪ್ಪಿದರು. ಆದರೆ ಆ ಉತ್ತರ ಬರುವುದಕ್ಕೆ ಮೊದಲು ಎರಡು ಗಂಟೆ ಶಿಳ್ಳೆ ಹೊಡೆಸಿದ್ದೂ ನಿಜವಲ್ಲವೇ ಎಂಬ ಅನುಮಾನವನ್ನು ಅವರು ಬಿಡಲಿಲ್ಲ.

ಮುಂದಿನ ವಾರ ಕೆ.ಎಂ. ಚೈತನ್ಯರ ‘ಆ ದಿನಗಳು’. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಎಂಬ ಅನುಭವಕಥನವನ್ನು ಆಧರಿಸಿ 2007ರಲ್ಲಿ ಬಂದ ಚಿತ್ರವದು. 1980ರ ದಶಕದ ಬೆಂಗಳೂರಿನಲ್ಲಿ ಓದಿದ, ಒಳ್ಳೆಯ ಮನೆತನದ ತರುಣರು ಒಂದು ಕೊಲೆಗೆ ಯೋಜನೆ ಹಾಕುತ್ತಾರೆ. ತೆರೆಯ ಮೇಲೆ ನೆತ್ತರು ಕಡಿಮೆ, ಮಾತು ಮತ್ತು ಕಾಯುವಿಕೆಯೇ ಹೆಚ್ಚು. “ಸಂಕಲ್ಪ ಬೆಳೆಯುವುದನ್ನು ಹೀಗೆ ತೋರಿಸಿದರೆ ಶಿಳ್ಳೆ ಹೊಡೆಯುವುದಕ್ಕೆ ಜಾಗವೇ ಇರುವುದಿಲ್ಲ,” ಎಂದು ಹಿರಿಯರು ಮೆಚ್ಚಿದರು.

ಆ ಬಳಿಕ ಮೊಮ್ಮಗ ಹೊರದೇಶದ ಚಿತ್ರಗಳಿಗೆ ಕೈಹಾಕಿದನು. ಅಮೆರಿಕದ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 1972ರಲ್ಲಿ ತೆಗೆದ ‘ದಿ ಗಾಡ್‌ಫಾದರ್’ ಜಗತ್ತಿನ ಅತ್ಯುತ್ತಮ ಚಿತ್ರಗಳ ಸಾಲಿನಲ್ಲಿ ನಿಂತಿದೆ. ಹಿರಿಯರ ವ್ಯಾಪಾರದ ಕಣ್ಣಿಗೆ ಮೊದಲು ಬಿದ್ದದ್ದು ಆ ಕುಟುಂಬದ ಅಂಗಡಿ: ಹೊರಗೆ ಆಲಿವ್ ಎಣ್ಣೆಯ ಆಮದು ವ್ಯಾಪಾರ, ಒಳಗೆ ಜೂಜು ಮತ್ತು ಸುಲಿಗೆ. ಯಾವ ದೇಶದ ಭೂಗತಲೋಕವಾದರೂ ಅದು ಮಾರುವ ಸರಕು ಜೂಜು, ಮದ್ಯ, ವೇಶ್ಯಾವೃತ್ತಿ, ಕಳವು. ಬಸದಿಯ ಪಾಠಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುವ ಸಪ್ತವ್ಯಸನಗಳ ಪಟ್ಟಿಯೇ ಅದರ ಲೆಕ್ಕದ ಪುಸ್ತಕವೆಂದು ಅವರು ಹೇಳಿದರು. ಇನ್ನು ಆ ಚಿತ್ರದ ಪ್ರಸಿದ್ಧವಾದ ಚರ್ಚಿನ ದೃಶ್ಯ. ಮಗುವಿನ ದೀಕ್ಷಾಸ್ನಾನದ ಹೊತ್ತಿನಲ್ಲಿ ಕಿರಿಯ ಯಜಮಾನ ಮೈಕೆಲ್ ಸೈತಾನನನ್ನು ತ್ಯಜಿಸಿದೆನೆಂದು ಪಾದ್ರಿಯ ಮುಂದೆ ಪ್ರತಿಜ್ಞೆ ಮಾಡುತ್ತಿದ್ದಾನೆ. ಅದೇ ಗಳಿಗೆಯಲ್ಲಿ ಅವನ ಆಜ್ಞೆಯಂತೆ ಅವನ ಶತ್ರುಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಅವನ ಕೈಯಲ್ಲಿ ಆಯುಧವಿಲ್ಲ. ಬಟ್ಟೆಯ ಮೇಲೆ ಒಂದು ಕಲೆಯೂ ಇಲ್ಲ. ಕಾರಿತಹಿಂಸೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟವೆಂದು ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ವ್ರತದ ಮಾತು ತುಟಿಯ ಮೇಲಿದ್ದು, ಬದುಕು ಬೇರೆ ದಾರಿಯಲ್ಲಿ ನಡೆಯುವುದು ಒಂದು ಮತದವರಿಗೆ ಮಾತ್ರ ಮೀಸಲಾದ ದೋಷವಲ್ಲ.

1987ರ ಮಣಿರತ್ನಂ ಅವರ ತಮಿಳು ಚಿತ್ರ ‘ನಾಯಗನ್’ ಅದರ ಮರುವಾರ. ಮುಂಬಯಿಯಲ್ಲಿ ಬಡವರ ಪಾಲಿಗೆ ದೊರೆಯಾಗಿ, ಕಾನೂನಿನ ಪಾಲಿಗೆ ಅಪರಾಧಿಯಾಗಿ ಬೆಳೆದ ವೇಲು ನಾಯಕರ್‌ಗೆ ಕೊನೆಯಲ್ಲಿ ಅವನ ಮೊಮ್ಮಗು ಕೇಳುತ್ತದೆ, ನೀವು ಒಳ್ಳೆಯವರೋ ಕೆಟ್ಟವರೋ ಎಂದು. ಇಡೀ ಊರನ್ನು ನಡುಗಿಸಿದವನಿಗೆ ಉತ್ತರ ತಿಳಿದಿಲ್ಲ.

ಬ್ರೆಜಿಲಿನ ‘ಸಿಟಿ ಆಫ್ ಗಾಡ್’ 2002ರದು. ಅದು ಆರಂಭವಾಗುವುದು ಕತ್ತಿ ಮಸೆಯುವ ಸದ್ದಿನಿಂದ. ಕಟ್ಟಿಹಾಕಿದ ಒಂದು ಕೋಳಿ, ತನ್ನ ಜೊತೆಯವು ಕತ್ತರಿಸಲ್ಪಡುವುದನ್ನು ನೋಡುತ್ತ, ಹಗ್ಗ ಬಿಡಿಸಿಕೊಂಡು ಓಡುತ್ತದೆ. ಪಿಸ್ತೂಲು ಹಿಡಿದ ಹುಡುಗರು ನಗುತ್ತ ಅದನ್ನು ಗಲ್ಲಿಗಲ್ಲಿಗಳಲ್ಲಿ ಅಟ್ಟಿಸಿಕೊಂಡು ಹೋಗುತ್ತಾರೆ. ಕೋಳಿಯನ್ನು ಕಂಡು ತಾತ-ಮೊಮ್ಮಗ ಪರಸ್ಪರ ಮುಖ ನೋಡಿಕೊಂಡರು, ಮಾತು ಬೇಕಾಗಲಿಲ್ಲ. ರಿಯೊ ಡಿ ಜನೈರೊ ನಗರದ ಆ ಬಡಾವಣೆಯಲ್ಲಿ ಕೋಳಿಗೆ ಗುರಿಯಿಟ್ಟ ಕೈಗಳು ಮನುಷ್ಯರಿಗೂ ಗುರಿಯಿಡುತ್ತವೆ. ಅದೇ ಗಲ್ಲಿಯಲ್ಲಿ ಬೆಳೆದ ಒಬ್ಬ ಹುಡುಗ ಮಾತ್ರ ಪಿಸ್ತೂಲನ್ನು ಬಿಟ್ಟು ಕ್ಯಾಮರಾ ಹಿಡಿಯುತ್ತಾನೆ.

ಕೊನೆಯ ಚಿತ್ರ ಇಟಲಿಯ ‘ಗೊಮೊರಾ’. ರೊಬೆರ್ತೊ ಸವಿಯಾನೊ 2006ರಲ್ಲಿ ಬರೆದ ಪುಸ್ತಕದಿಂದ ಮತ್ತೆಯೊ ಗಾರೋನೆ 2008ರಲ್ಲಿ ತೆಗೆದದ್ದು. ನೇಪಲ್ಸ್ ಪ್ರದೇಶದ ಕಮೋರಾ ಎಂಬ ಅಪರಾಧ ಸಂಘಟನೆ ಅದರ ವಸ್ತು. ಅಲ್ಲಿ ಇಬ್ಬರು ಹುಡುಗರು ‘ಸ್ಕಾರ್‌ಫೇಸ್’ ಚಿತ್ರದ ನಾಯಕನಂತೆ ನಟಿಸುತ್ತ, ಸಿಕ್ಕ ಬಂದೂಕುಗಳೊಂದಿಗೆ ಆಟವಾಡುತ್ತಾರೆ. ಕೊನೆಗೆ ಅವರ ಹೆಣಗಳನ್ನು ಮಣ್ಣೆತ್ತುವ ಯಂತ್ರ ಕಸದಂತೆ ಎತ್ತಿಕೊಂಡು ಹೋಗುತ್ತದೆ. ಶಿಳ್ಳೆಯಿಂದ ಆರಂಭವಾದ ಅನುಮೋದನೆ ಕೃತವಾಗಿ ಬೆಳೆದದ್ದನ್ನು ಆ ಚಿತ್ರ ಸಂಗೀತದ ಅಬ್ಬರವಿಲ್ಲದೆ ತೋರಿಸುತ್ತದೆ. ಅದರಲ್ಲಿಯೇ ಇನ್ನೊಂದು ಎಳೆಯಿದೆ. ಸಭ್ಯವಾಗಿ ಉಡುಪು ಧರಿಸಿದ ಒಬ್ಬ ಉದ್ಯಮಿ ಕಾರ್ಖಾನೆಗಳ ವಿಷತ್ಯಾಜ್ಯವನ್ನು ಕಡಿಮೆ ದರಕ್ಕೆ ಒಪ್ಪಿಕೊಂಡು ರೈತರ ಭೂಮಿಯಲ್ಲಿ ಹೂಳಿಸುತ್ತಾನೆ. ಅವನ ಕೈಕೆಳಗೆ ಕೆಲಸಕ್ಕೆ ಸೇರಿದ ತರುಣ ಒಂದು ದಿನ ಕಾರಿನಿಂದಿಳಿದು, ಈ ಕೆಲಸ ತನಗೆ ಬೇಡವೆಂದು ನಡೆದುಹೋಗುತ್ತಾನೆ. ಮಚ್ಚಿಲ್ಲ, ಬಂದೂಕಿಲ್ಲ; ಬರಿಯ ದರ, ಲಾಭ, ಸಹಿ.

ಚಿತ್ರ ಮುಗಿದ ಮೇಲೆ ಮೊಮ್ಮಗ ಬಹಳ ಹೊತ್ತು ಎದ್ದಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದನು: “ತಾತ, ಹೋದ ತಿಂಗಳು ಗೋದಾಮಿಗೆ ಬಂದ ಆ ಆರು ಮೂಟೆ ಅಡಕೆಯ ಬಿಲ್ ಎಲ್ಲಿದೆ?”

ಬಿಲ್ ಇರಲಿಲ್ಲ. ಗುರುತಿಲ್ಲದ ಒಬ್ಬ ವ್ಯಕ್ತಿ ನಸುಕಿನಲ್ಲಿ ಗಾಡಿ ತಂದು ನಿಲ್ಲಿಸಿದ್ದನು. ಅಂದಿನ ಮಾರುಕಟ್ಟೆ ದರಕ್ಕಿಂತ ಕ್ವಿಂಟಲಿಗೆ 8 ಸಾವಿರ ರೂಪಾಯಿ ಕಡಿಮೆ ಹೇಳಿದ್ದನು. ಅಷ್ಟೊಂದು ಕಡಿಮೆ ಏಕೆಂದು ಹಿರಿಯರು ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬುದು ತಿಳಿದಿದ್ದರಿಂದಲೇ ಕೇಳಿರಲಿಲ್ಲ. ಅಡಕೆಯ ತೋಟಗಳಿರುವ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಅಂಗಳದಿಂದ ಅಡಕೆ ಕಳವಾಗುವುದು ಯಾವ ವರ್ತಕನಿಗೂ ತಿಳಿಯದ ವಿಷಯವಲ್ಲ.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಅವರು ಎಷ್ಟೋ ಸಲ ಪಾಠ ಹೇಳಿದ್ದರು. ಕಳ್ಳನಿಗೆ ಪ್ರೇರಣೆ ಕೊಡುವುದು ಸ್ತೇನಪ್ರಯೋಗ. ಕಳವಿನ ವಸ್ತುವನ್ನು ಕೊಳ್ಳುವುದು ತದಾಹೃತಾದಾನ. ಅನಂತರ ರಾಜ್ಯದ ಕಟ್ಟಳೆ ಮೀರುವುದು, ತೂಕ-ಅಳತೆಯ ಮೋಸ, ಕಲಬೆರಕೆ. ಕಳ್ಳನಿಗೆ ಪ್ರೇರಣೆ ಕೊಡುವವನ ಬೆನ್ನಿಗೇ ಕೊಳ್ಳುವವನನ್ನೂ ಹೆಸರಿಸಿದ ಆಚಾರ್ಯರ ದೃಷ್ಟಿ ಎಷ್ಟು ಸೂಕ್ಷ್ಮವಾದುದೆಂದು ಅವರಿಗೆ ಆ ರಾತ್ರಿ ಹೊಸದಾಗಿ ತೋರಿತು. ಕೊಳ್ಳುವ ಅಂಗಡಿಯಿಲ್ಲದೆ ಯಾವ ಭೂಗತಲೋಕವೂ ಮರುದಿನಕ್ಕೆ ಉಳಿಯದು. ‘ನಾಯಗನ್’ ಚಿತ್ರದ ಮಗು ಕೇಳಿದ ಪ್ರಶ್ನೆ ಊರ್ಡಿಗೆರೆಯ ನಡುಮನೆಯಲ್ಲಿಯೂ ಕೇಳಿಬಂದಂತಾಗಿತ್ತು.

ಸೋಮವಾರ ಬೆಳಿಗ್ಗೆ ಹಿರಿಯರು ತಾವೇ ಪೊಲೀಸ್ ಠಾಣೆಗೆ ಹೋಗಿ ಮೂಟೆಗಳ ವಿಷಯ ತಿಳಿಸಿದರು. ಮಗ ವಿರೋಧಿಸಿದ್ದನು: ಹೋದ ಹಣ ಬರುವುದಿಲ್ಲ, ಅಂಗಡಿಯ ಹೆಸರೂ ಹೋಗುತ್ತದೆ ಎಂದು. ಎರಡೂ ಒಂದಿಷ್ಟು ನಿಜವೇ ಆದವು. ಕೆಲವು ದಿನ ಪೇಟೆಯಲ್ಲಿ ಮಾತು ನಡೆಯಿತು. ವಿಚಾರಣೆಗೆಂದು ಮೂರು ಸಲ ಠಾಣೆಗೆ ಅಲೆಯಬೇಕಾಯಿತು. ಗುಬ್ಬಿಯ ಕಡೆಯ ಒಬ್ಬ ಸಣ್ಣ ಬೆಳೆಗಾರ ಬಂದು, ತನ್ನ ಮನೆಯವರು ಹೊಲಿದ ಚೀಲದ ಬಾಯಿಯನ್ನು ನೋಡಿ ಎರಡು ಮೂಟೆಗಳನ್ನು ಗುರುತಿಸಿದನು. ಆತ ಕೈಮುಗಿಯಲು ಬಂದಾಗ ಹಿರಿಯರು, “ನನಗೆ ಮುಗಿಯಬೇಡಿ. ಒಂದು ತಿಂಗಳು ನಿಮ್ಮ ಅಡಕೆಯ ಮೇಲೆ ಕುಳಿತಿದ್ದವನು ನಾನು,” ಎಂದರು. ಉಳಿದ ನಾಲ್ಕು ಮೂಟೆಗಳಿಗೆ ಯಾರೂ ಬರಲಿಲ್ಲ.

ಅಂದಿನಿಂದ ಆ ಅಂಗಡಿಯಲ್ಲಿ ಬಿಲ್ ಇಲ್ಲದ ಸರಕು ಇಳಿಯುವುದಿಲ್ಲ. ಲೆಕ್ಕದ ಪುಸ್ತಕ ಬರೆಯುವ ಕೆಲಸ ಮೊಮ್ಮಗನದು. ಶನಿವಾರದ ಚಿತ್ರಗಳು ನಿಂತಿಲ್ಲ. ಈಗಲೂ ತೆರೆಯ ಮೇಲೆ ಮಚ್ಚು ಮೇಲೇಳುತ್ತದೆ. ಹುಡುಗರ ಬೆರಳು ಅಭ್ಯಾಸಬಲದಿಂದ ತುಟಿಯವರೆಗೆ ಹೋಗುತ್ತದೆ. ಯಾರಾದರೊಬ್ಬರು “ಹಿಟ್ಟಿನ ಕೋಳಿ” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಬೆರಳು ಕೆಳಗಿಳಿಯುತ್ತದೆ.