‘ಎಲ್ಲಾ ಸಿಬ್ಬಂದಿ’ ಅಂದ್ರೆ ಯಾರ್ಯಾರು?



ಇವತ್ತು ಧರಣಿ, ಮನವಿ ಪತ್ರದ ಸುದ್ದಿ ಅಲ್ಲ. ಆಫೀಸಿನ ಇ-ಮೇಲ್ ಗ್ರೂಪ್ ಬಗ್ಗೆ ಬರೀತಾ ಇದೀನಿ. ಒಣ ವಿಷಯ ಅನ್ನಿಸಬಹುದು, ಆದ್ರೂ ಕೊನೇತನಕ ಓದ್ರಿ. ನೀವು ದುಡಿಯೋ ಕಡೆಯೂ ಇಂಥದ್ದೊಂದು ಪಟ್ಟಿ ಇದ್ದೇ ಇರ್ತದೆ.

ನಾನು ಕೆಲಸ ಮಾಡೋ ಸಂಸ್ಥೆಯ ಹೆಸರು ಬೇಡ. ಮುಖ್ಯ ಕಚೇರಿ ಗದಗ-ಬೆಟಗೇರಿಯಲ್ಲಿ. ಶಾಖೆಗಳು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ. ನಾನು ಸಿಬ್ಬಂದಿ ವಿಭಾಗದ ಗುಮಾಸ್ತ. ಮೊದಲು ಸುತ್ತೋಲೆ ಬಂದ್ರೆ ಜೆರಾಕ್ಸ್ ತೆಗೆದು ಶಾಖೆಗಳಿಗೆ ಕಳಿಸ್ತಿದ್ವಿ, ಅಲ್ಲಿ ನೋಟಿಸ್ ಬೋರ್ಡಿಗೆ ಹಚ್ಚತಿದ್ರು. ಕಸ ಗುಡಿಸೋರು, ರಾತ್ರಿ ಕಾವಲಿನವರು ಯಾರನ್ನಾದ್ರೂ ಕರೆದು ಓದಿಸಿ ಕೇಳ್ತಿದ್ರು. ಈಗ ಎಲ್ಲಕ್ಕೂ ಒಂದೇ ಮೇಲ್ ವಿಳಾಸ: ‘ಎಲ್ಲಾ ಸಿಬ್ಬಂದಿ’. ಒಮ್ಮೆ ಒತ್ತಿದ್ರೆ ನಾಲ್ಕೂ ಊರಿಗೆ ಸುದ್ದಿ ಹೋಯ್ತು ಅಂತ ಲೆಕ್ಕ. ಬೋರ್ಡಿಗೆ ಕಾಗದ ಹಚ್ಚೋದು ನಿಂತೇ ಹೋಯ್ತು.

ಹೋದ ವರ್ಷ ಅಟೆಂಡರ್ ಹುದ್ದೆಗಳಿಗೆ ಒಳಗಿನವರಿಂದಲೇ ಅರ್ಜಿ ಕರೆದ್ರು. ಐದು ವರ್ಷ ಗುತ್ತಿಗೆ ಮೇಲೆ ದುಡಿದವರೂ ಹಾಕಬಹುದು ಅಂತ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೊನೇ ದಿನಕ್ಕೆ ಮೂರು ದಿನ ಉಳಿದಾಗ ಕೆಲಸದ ಮೇಲೆ ಮುಂಡರಗಿ ಶಾಖೆಗೆ ಹೋಗಿದ್ದೆ. ಅಲ್ಲಿ ಕಸ ಗುಡಿಸೋ ಅಕ್ಕಾರಿಗೆ, “ಅರ್ಜಿ ಹಾಕಿದ್ರೇನಕ್ಕಾ?” ಅಂತ ಕೇಳಿದೆ.

“ಯಾವ ಅರ್ಜಿ ಅಣ್ಣಾ? ನಮಗ್ಯಾರೂ ಹೇಳಿಲ್ಲಲ್ಲಾ.”

ಆ ಶಾಖೆಯಲ್ಲಿ ಗುತ್ತಿಗೆಯವರು ಆರು ಮಂದಿ. ಆರೂ ಮಂದಿ ನಮ್ಮ ಕೇರಿಗಳವರೇ. ಒಬ್ಬರಿಗೂ ಗೊತ್ತಿಲ್ಲ. ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ ಫೋನ್ ಹಚ್ಚಿದೆ. ಅಲ್ಲೂ ಅದೇ ಮಾತು.

ಗದಗಕ್ಕೆ ಬಂದು ‘ಎಲ್ಲಾ ಸಿಬ್ಬಂದಿ’ ಪಟ್ಟಿಯನ್ನು ತೆಗೆಸಿ ನೋಡಿದೆ. ನಿವೃತ್ತಿಯಾಗಿ ಮನೇಲಿ ಕೂತ ಇಬ್ಬರು ಸಾಹೇಬರ ಹೆಸರು ಅದರಲ್ಲಿತ್ತು. ಗುತ್ತಿಗೆಯವರ ಹೆಸರು ಒಂದೂ ಇರಲಿಲ್ಲ. ಸಂಸ್ಥೆ ಕೊಟ್ಟ ಮೇಲ್ ಐಡಿ ಇದ್ದವರು ಮಾತ್ರ ಆ ‘ಎಲ್ಲಾ’ದೊಳಗೆ. ಐಡಿ ಇಲ್ಲದವರು ಸಿಬ್ಬಂದಿಯೇ ಅಲ್ಲ.

ಇವರ ಹೆಸರು ಸೇರಿಸ್ರಿ ಅಂತ ಕಂಪ್ಯೂಟರ್ ನೋಡಿಕೊಳ್ಳೋ ಹುಡುಗನಿಗೆ ಹೇಳಿದೆ. ಅವನು ಕ್ಲೌಡ್ ಮೇಲಿನ ಪುಟ ತೆಗೆದು ಪ್ರಯತ್ನ ಮಾಡಿದ. “ಸರ್, ಸಿಸ್ಟಮ್ ಬಿಡವಲ್ದು. ಈ ಗ್ರೂಪ್ ಇಲ್ಲಿ ಬದಲಾಗಂಗಿಲ್ಲ ಅಂತ ತೋರಸ್ತೈತಿ” ಅಂದ. ಮ್ಯಾನೇಜರು ಅದನ್ನೇ ಹಿಡಕೊಂಡು, “ಸಿಸ್ಟಮ್ಮೇ ಬಿಡದಿದ್ರ ನಾವೇನ್ ಮಾಡೋಣ್ರಿ?” ಅಂದ್ರು. ಬಹಳ ಮಂದಿ ಈ ಮಾತಿಗೆ ಸುಮ್ಮನಾಗಿಬಿಡ್ತಾರೆ. ನಾನು ಆ ಹುಡುಗನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬಿಡದೇ ಇದ್ರೆ ಯಾಕೆ ಬಿಡೋದಿಲ್ಲ ಹೇಳಪ್ಪಾ ಅಂದೆ. ಎರಡು ದಿನದಲ್ಲಿ ನನಗೆ ತಿಳಿದದ್ದು ಇಷ್ಟು.

ನಮ್ಮ ಆಫೀಸಿನ ಸರ್ವರ್ ಕೋಣೆಯಲ್ಲಿ ಎಲ್ಲರ ಹೆಸರಿನ ಒಂದು ಖಾತೆಪುಸ್ತಕ ಐತಿ. ಅದಕ್ಕೆ ಆಕ್ಟಿವ್ ಡೈರೆಕ್ಟರಿ ಅಂತಾರೆ. ಮೈಕ್ರೋಸಾಫ್ಟ್ ಕಂಪನಿ 2000ದಲ್ಲಿ ತಂದದ್ದು. ನಮ್ಮ ಮೇಲ್ ಇರೋದು ಮಾತ್ರ ಅದೇ ಕಂಪನಿಯ ಕ್ಲೌಡಿನಲ್ಲಿ, ಅಂದ್ರೆ ಎಲ್ಲೋ ದೂರದ ಅವರ ಕಂಪ್ಯೂಟರುಗಳಲ್ಲಿ. ಎರಡರ ನಡುವೆ ಎಂಟ್ರಾ ಕನೆಕ್ಟ್ ಅನ್ನೋ ಸಾಧನ ಓಡಾಡ್ತದೆ. ಅದರ ಹಳೇ ಹೆಸರು ಅಝೂರ್ ಎಡಿ ಕನೆಕ್ಟ್. ಮಾಮೂಲಿಯಾಗಿ 30 ನಿಮಿಷಕ್ಕೊಮ್ಮೆ ಅದು ಕೆಳಗಿನ ಪುಸ್ತಕದಲ್ಲಿ ಆದ ಬದಲಾವಣೆಯನ್ನು ಮೇಲಕ್ಕೆ ನಕಲು ಮಾಡ್ತದೆ. ಇಂಥ ಗ್ರೂಪುಗಳ ಮಟ್ಟಿಗೆ ನಕಲು ಒಂದೇ ದಿಕ್ಕಿಗೆ, ಕೆಳಗಿಂದ ಮೇಲಕ್ಕೆ. ಹಾಗಾಗಿ ಕ್ಲೌಡಿನಲ್ಲಿ ಕಾಣೋ ಗ್ರೂಪ್ ಬರೀ ನಕಲು ಪ್ರತಿ. ನಕಲಿನ ಮೇಲೆ ತಿದ್ದಲು ಬಿಡೋದಿಲ್ಲ. ಅಸಲು ಎಲ್ಲಿ ಹುಟ್ಟಿದೆಯೋ ಅಲ್ಲಿಗೇ ಹೋಗಿ ತಿದ್ದಬೇಕು. ಅಸಲು ಇದ್ದದ್ದು ಗದಗದಲ್ಲೇ, ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ಆಚೆ, ಬೀಗ ಹಾಕಿದ ಕೋಣೆಯಲ್ಲಿ.

ಇನ್ನೊಂದು ವಿಚಿತ್ರ ನೋಡ್ರಿ. ಮುಂಡರಗಿ ಶಾಖೆಯ ಗ್ರೂಪಿಗೆ ಅಲ್ಲಿನ ಹಿರಿಯ ಗುಮಾಸ್ತರೇ ‘ಮಾಲೀಕರು’ ಅಂತ ದಾಖಲಾಗಿದೆ. ಆದ್ರೆ ಗ್ರೂಪ್ ಕೆಳಗಿಂದ ನಕಲಾಗಿ ಬಂದದ್ದಾದ್ರೆ, ಆ ಮಾಲೀಕರು ಔಟ್‌ಲುಕ್ ತೆರೆದು ಒಂದು ಹೆಸರು ಸೇರಿಸಂಗಿಲ್ಲ, ಒಂದು ತೆಗೆಯಂಗಿಲ್ಲ. ಮೀಸಲು ಸ್ಥಾನದಿಂದ ಗೆದ್ದ ನಮ್ಮ ಎಷ್ಟೋ ಅಧ್ಯಕ್ಷೆಯರ ಪಾಡು ನೆನಪಾಯ್ತು. ಬಾಗಿಲ ಮೇಲೆ ಅವರ ಹೆಸರು, ಕಡತ ಮತ್ತೊಬ್ಬರ ಕಪಾಟಿನಲ್ಲಿ.

ಗುತ್ತಿಗೆಯವರಿಗೆ ಸಂಸ್ಥೆಯ ಮೇಲ್ ಐಡಿ ಕೊಟ್ರೆ ಖರ್ಚು ಬರ್ತದೆ ಅಂದ್ರು. ಅದಕ್ಕೂ ದಾರಿ ಇತ್ತು. ಹೊರಗಿನ ವಿಳಾಸವನ್ನು, ಅಂದ್ರೆ ಅವರ ಫೋನಿನಲ್ಲಿರೋ ಜಿಮೇಲನ್ನೇ, ‘ಕಾಂಟ್ಯಾಕ್ಟ್’ ಅಂತ ಕೆಳಗಿನ ಪುಸ್ತಕದಲ್ಲಿ ಬರೆದು ಗ್ರೂಪಿಗೆ ಸೇರಿಸಬಹುದು. ಅದಕ್ಕೆ ಬೇರೆ ಮೇಲ್‌ಬಾಕ್ಸ್ ಕೊಳ್ಳಬೇಕಿಲ್ಲ. ಒಂದು ಅರ್ಜಿ ಬರೆದು, ಸಹಿ ಮಾಡಿಸಿ, ಮೂರೂ ಶಾಖೆಗಳ ಗುತ್ತಿಗೆಯವರ ವಿಳಾಸ ಸೇರಿಸಿದ್ವಿ. ಅರ್ಧ ತಾಸಿನೊಳಗೆ ಕ್ಲೌಡಿನ ಪಟ್ಟಿಯಲ್ಲೂ ಆ ಹೆಸರು ಬಂದ್ವು. ಸಿಸ್ಟಮ್ ಚೆನ್ನಾಗೇ ಬಿಟ್ಟಿತು!

ಅಷ್ಟಕ್ಕೇ ಮುಗೀಲಿಲ್ಲ. ಲಕ್ಷ್ಮೇಶ್ವರದ ಕಾವಲಿನ ತಮ್ಮ ತಿರುಗಿ ಗ್ರೂಪಿಗೆ ಒಂದು ಪ್ರಶ್ನೆ ಕಳಿಸಿದ. ಅದು ವಾಪಸ್ ಬಂತು. ಡಿಸ್ಟ್ರಿಬ್ಯೂಷನ್ ಗ್ರೂಪುಗಳು ಮೊದಲಿಂದ ಒಳಗಿನವರ ಮೇಲ್ ಮಾತ್ರ ತಗೊಳ್ಳೋ ಹಾಗೆ ಇರ್ತಾವೆ. ಹೊರಗಿನ ವಿಳಾಸದವರು ಸದಸ್ಯರಾಗಿದ್ರೂ ಕೇಳಬಹುದು, ಮಾತಾಡಂಗಿಲ್ಲ. ಇದು ನಮಗೆ ಹೊಸದೇನಲ್ಲ ಬಿಡ್ರಿ. ಅದೂ ಒಂದು ಸೆಟ್ಟಿಂಗ್. ಅದನ್ನೂ ಅಸಲಿನಲ್ಲೇ ಬದಲಿಸಬೇಕು. ಬೇಡದ ಮೇಲ್ ನುಗ್ಗುತಾವೆ ಅಂತ ಎಲ್ಲರ ಗ್ರೂಪಿಗೆ ಒಪ್ಪಲಿಲ್ಲ. ಶಾಖೆಗಳ ಗ್ರೂಪಿಗೆ ಒಪ್ಪಿದ್ರು.

ಈಗ ಶಾಖೆಗಳ ಗ್ರೂಪನ್ನು ಒಂದೊಂದಾಗಿ ಕ್ಲೌಡಿನಲ್ಲೇ ಹೊಸದಾಗಿ ಕಟ್ಟತಾ ಇದೀವಿ, ಮಾಲೀಕರು ಹೆಸರಿಗಷ್ಟೇ ಆಗಬಾರದು ಅಂತ. ಮೊದಲು ಹಳೇ ಗ್ರೂಪಿನ ಸದಸ್ಯರು, ಮಾಲೀಕರು, ಯಾರು ಕಳಿಸಬಹುದು, ಯಾವ ಗ್ರೂಪಿನೊಳಗೆ ಯಾವ ಗ್ರೂಪು ಐತಿ, ಎಲ್ಲ ಬರೆದಿಟ್ಟುಕೋಬೇಕು. ಆಮೇಲೆ ಹಳೇದನ್ನು ನಕಲಾಗೋ ವ್ಯಾಪ್ತಿಯಿಂದ ಹೊರಗಿಡಬೇಕು. ಅದು ಮೇಲಿಂದ ಮಾಯವಾದ ಮೇಲೆ ಅದೇ ವಿಳಾಸದಲ್ಲಿ ಹೊಸದು ಮಾಡಬೇಕು. ಹಳೇ ಗ್ರೂಪಿನ ಒಳಗುರುತನ್ನು ಎಕ್ಸ್500 ವಿಳಾಸವಾಗಿ ಹೊಸದಕ್ಕೆ ಸೇರಿಸಬೇಕು. ಇಲ್ಲಾಂದ್ರೆ ಹಳೇ ಮೇಲಿಗೆ ಉತ್ತರ ಕೊಟ್ಟವರಿಗೆ ಅದು ವಾಪಸ್ ಬರ್ತದೆ. ಗೂಗಲ್ ಮೇಲ್ ಬಳಸೋ ಆಫೀಸಿನ ಗೆಳೆಯರಿಗೂ ಒಂದು ಮಾತು: ಅಲ್ಲಿ ಮೇಲೆ ಹೆಸರು ಸೇರಿಸಲು ಬಿಡ್ತದೆ, ಆದ್ರೆ ಕೆಳಗಿನ ಪುಸ್ತಕದಿಂದ ನಕಲಾಗೋ ಗ್ರೂಪಾದ್ರೆ ಮುಂದಿನ ಸುತ್ತಿನಲ್ಲಿ ಆ ಹೆಸರು ಅಳಿಸಿಹೋಗಬಹುದು. ಅಲ್ಲೂ ಅಸಲನ್ನೇ ಹುಡುಕ್ರಿ.

ಇಷ್ಟೆಲ್ಲ ಯಾಕೆ ಬರೆದೆ? ಊರಿಗೆ ಸುದ್ದಿ ಮುಟ್ಟಿಸಿದವರು ನಾವು. ಡಂಗುರ ಸಾರಿದವರು ನಮ್ಮ ಅಜ್ಜಂದಿರು, ಕಾಗದ ಹೊತ್ತು ಹಗಲು ರಾತ್ರಿ ನಡೆದವರು ಅವರು. ಗದಗ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಆ ಪ್ರಾಂತ್ಯದ ವಿಧಾನ ಪರಿಷತ್ತಿನಲ್ಲಿ ಬಾಬಾಸಾಹೇಬರು 1928ರಲ್ಲಿ 1874ರ ವತನು ಕಾಯ್ದೆಗೆ ತಿದ್ದುಪಡಿ ಮಸೂದೆ ತಂದದ್ದು ಈ ಬಿಟ್ಟಿ ಚಾಕರಿಯಿಂದ ನಮ್ಮಂಥವರನ್ನು ಬಿಡಿಸಲಿಕ್ಕೆ. ಕರ್ನಾಟಕದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಸುದ್ದಿ ಹೊತ್ತವರು ನಾವು. ಯಾರಿಗೆ ಏನು ತಿಳಿಯಬೇಕು ಅನ್ನೋ ಪಟ್ಟಿ ಮಾತ್ರ ಎಂದೂ ನಮ್ಮ ಕೈಯಲ್ಲಿ ಇರಲಿಲ್ಲ. ಈಗ ಆ ಪಟ್ಟಿ ಕ್ಲೌಡಿಗೆ ಏರಿದೆ. ಏರುವಾಗ ಊರೊಳಗಿನವರನ್ನು ಕರಕೊಂಡು ಹೋಗಿ, ಕೇರಿಯವರನ್ನು ಕೆಳಗೇ ಬಿಟ್ಟಿತ್ತು. ಯಂತ್ರ ಜಾತಿ ನೋಡಿ ಹಾಗೆ ಮಾಡಲಿಲ್ಲ. ಕೆಳಗೆ ಹೆಂಗಿತ್ತೋ ಹಂಗೇ ಮೇಲೆ ಬರೆಯಿತು, ಅಷ್ಟೇ.

ಅರ್ಜಿಯ ಕೊನೇ ದಿನಾಂಕವನ್ನು, ಲಿಖಿತವಾಗಿ ಕೇಳಿದ ಮೇಲೆ, ಏಳು ದಿನ ಮುಂದಕ್ಕೆ ಹಾಕಿದ್ರು. ಮುಂಡರಗಿಯಿಂದಲೇ ನಾಲ್ಕು ಅರ್ಜಿ ಬಂದ್ವು. ಕೆಲಸ ಯಾರಿಗೆ ಸಿಗ್ತದೋ ಇನ್ನೂ ತೀರ್ಮಾನ ಆಗಿಲ್ಲ. ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಪ್ರತಿ ಹಚ್ಚೋದನ್ನೂ ಮತ್ತೆ ಶುರು ಮಾಡಿಸಿದೀವಿ, ಯಾಕಂದ್ರೆ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇಲ್ಲ.

ನಿಮ್ಮ ಆಫೀಸು, ಕಾಲೇಜು, ಆಸ್ಪತ್ರೆ, ಕಾರ್ಖಾನೆಯಲ್ಲಿ ನಾಳೆಯೇ ಮೂರು ಪ್ರಶ್ನೆ ಕೇಳ್ರಿ, ಆದಷ್ಟು ಬರವಣಿಗೆಯಲ್ಲಿ: ‘ಎಲ್ಲಾ ಸಿಬ್ಬಂದಿ’ ಗ್ರೂಪಿನಲ್ಲಿ ಯಾರ್ಯಾರಿದಾರೆ? ಅದರ ಅಸಲು ಎಲ್ಲಿದೆ? ತಿದ್ದೋ ಅಧಿಕಾರ ಯಾರ ಕೈಯಲ್ಲಿದೆ? “ಸಿಸ್ಟಮ್ ಬಿಡೋದಿಲ್ಲ” ಅಂದ್ರೆ ಎದ್ದು ಬರಬ್ಯಾಡ್ರಿ. ಕುರ್ಚಿ ಹಾಕಿಕೊಂಡು ಕೂಡ್ರಿ.

ಜೈ ಭೀಮ್.