ಮೊದಲು ಕೇಳಬೇಕಾದದ್ದು



ಕಳೆದ ಮಳೆಗಾಲದ ಮಾತು. ನನ್ನ ತಂದೆಯವರ ದಿನಚರಿಗಳನ್ನು ಅಣ್ಣನ ಮಗ ಸ್ಕ್ಯಾನ್ ಮಾಡಿ, ಒಂದೇ ದೊಡ್ಡ ಕಡತವಾಗಿ ತನ್ನ ಎಫ್‌ಟಿಪಿ ಸರ್ವರಿನಲ್ಲಿ ಇರಿಸಿದ್ದ. ಕಡತ ಸಾಗಿಸುವ ಈ ವಿಧಾನಕ್ಕೆ 1971ರಲ್ಲಿ ಮೊದಲ ನಿಯಮಾವಳಿ ಬರೆದವರು ನಮ್ಮ ದೇಶದ ಅಭಯ್ ಭೂಷಣ್. ಕ್ರೋಮ್, ಫೈರ್‌ಫಾಕ್ಸ್‌ಗಳು 2021ರಲ್ಲಿ ಅದನ್ನು ಕೈಬಿಟ್ಟದ್ದರಿಂದ ನಾನು ಲಿನಕ್ಸ್ ಗಣಕದ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪಿಸಬೇಕಾಯಿತು. ಮುಕ್ಕಾಲು ಭಾಗ ಬರುವಷ್ಟರಲ್ಲಿ ಸಂಪರ್ಕ ಕಡಿಯುವುದು, ನಾನು ಮತ್ತೆ ಮೊದಲಿನಿಂದ ಆರಂಭಿಸುವುದು. ಮೂರು ರಾತ್ರಿ ಇದೇ ಆಯಿತು.

'ಹೆಲ್ಪ್' ಎಂದು ಟೈಪಿಸಿದೆ. ಉದ್ದನೆಯ ಪಟ್ಟಿ ಬಂತು. ಅದರಲ್ಲಿ ಒಂದೆರಡನ್ನು ಪ್ರಯೋಗಿಸಿದರೆ ಆಚೆಯಿಂದ '502' ಎಂಬ ಉತ್ತರ. ಆ ಆಜ್ಞೆಯನ್ನು ಅಲ್ಲಿ ಅಳವಡಿಸಿಲ್ಲವೆಂದು ಅರ್ಥ. ಸರ್ವರೇ ಸರಿಯಿಲ್ಲವೆಂದು ಬೈದೆ. ಹಳೆಯ ಶಿಷ್ಯನೊಬ್ಬ ಫೋನಿನಲ್ಲಿ ನಕ್ಕು, "ಸಾರ್, ಅದು ನಿಮ್ಮ ಕಂಪ್ಯೂಟರಿಗೆ ಗೊತ್ತಿರೋ ಪಟ್ಟಿ. ಸರ್ವರಿಗೆ ಏನು ಗೊತ್ತು ಅಂತ ನೀವು ಕೇಳಲೇ ಇಲ್ಲ" ಎಂದ.

ಅವನು ಹೇಳಿದಂತೆ 'ರಿಮೋಟ್‌ಹೆಲ್ಪ್' ಎಂದೆ. '214' ಎಂಬ ಸಂಖ್ಯೆಯೊಡನೆ ಸರ್ವರ್ ತಾನು ಬಲ್ಲ ಆಜ್ಞೆಗಳನ್ನು ಸಾಲಾಗಿ ಹೇಳಿತು. ಮುಂದೆ 'ಕೋಟ್ ಫೀಟ್' ಎಂದೆ. 1998ರಲ್ಲಿ ನಿಯಮಕ್ಕೆ ಸೇರಿದ ಈ 'ಫೀಟ್' ಆಜ್ಞೆಗೆ ಸರ್ವರ್ '211' ಎಂದು ತನ್ನ ಹೆಚ್ಚಿನ ಸೌಲಭ್ಯಗಳನ್ನು ತಿಳಿಸುತ್ತದೆ. ಅಲ್ಲಿ 'ರೆಸ್ಟ್ ಸ್ಟ್ರೀಮ್' ಎಂಬ ಸಾಲಿತ್ತು: ನಿಂತಲ್ಲಿಂದ ಮುಂದುವರಿಸಬಲ್ಲೆ ಎಂಬ ಮಾತು. 'ಬೈನರಿ' ಎಂದು ಟೈಪಿಸಿ, ಬಳಿಕ 'ರೀಗೆಟ್' ಎಂದು ಕಡತದ ಹೆಸರು ಕೊಟ್ಟೆ. ಉಳಿದಿದ್ದ ಕಾಲುಭಾಗವಷ್ಟೇ ಬಂದು ಸೇರಿತು. ಬೆಳಗಿನ ಜಾವ ತಂದೆಯವರ ಕೈಬರಹ ಕಂಡು ಕಣ್ಣು ಮಂಜಾಯಿತು.

ಆದರೆ ಶಿಷ್ಯನ ಮಾತು ಮನಸ್ಸಿನಲ್ಲಿ ನಾಟಿತ್ತು. ಬಹಳ ಹಿಂದೆ ನನ್ನ ಗಣಿತದ ತರಗತಿಯಲ್ಲಿ ಬಡಗಿಯೊಬ್ಬರ ಮಗನಿದ್ದ. ಪ್ರಮೇಯ ಒಪ್ಪಿಸಲಾರದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಎಲ್ಲರೆದುರು ದಡ್ಡನೆಂದೆ, ಆ ವರ್ಷವೇ ಶಾಲೆ ಬಿಟ್ಟ. ಮುಂದೆ ನಮ್ಮ ಮನೆಗೆ ಬಾಗಿಲು ಕೂರಿಸಲು ಬಂದವನು ಅವನೇ. ಚೌಕಟ್ಟಿನ ಎರಡು ಕರ್ಣಗಳನ್ನೂ ದಾರದಿಂದ ಅಳೆದು, ಸಮವಿದೆಯೆಂದು ಕಂಡಮೇಲೆ ಮೊಳೆ ಹೊಡೆದ.

"ಇದನ್ನು ಯಾವಾಗ ಕಲಿತೆಯಪ್ಪಾ?"

"ಚಿಕ್ಕಂದಿನಿಂದ ಗೊತ್ತು ಸಾರ್."

ನನ್ನ ಪಟ್ಟಿಯಲ್ಲಿದ್ದುದನ್ನೇ ಅವನಿಂದ ಕೇಳಿದ್ದೆ. ಅವನ ಪಟ್ಟಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಇಂದು ಪಾಠ ಹೇಳುವ ಕೆಲಸದಲ್ಲಿರುವ ನನ್ನ ಶಿಷ್ಯರು ಮೊದಲ ದಿನವೇ ಅದನ್ನು ಕೇಳಲಿ.